ಶಾಸಕರ ಆಸ್ತಿ ವಿವರ: ಗಡುವು ಜೂನ್ 30

ಚುನಾವಣೆಗೆ ನಿಂತಾಗ ಕೊಟ್ಟ ಅಫಿಡವಿಟ್ಟೇ ಸಾಕೆಂದು ಬಹಳ ಜನ ತಿಳಿದಿದ್ದಾರೆ. ಕರ್ನಾಟಕದಲ್ಲಿ ಹಾಗಿಲ್ಲ. ಲೋಕಾಯುಕ್ತ ಕಾಯ್ದೆ 1984ರ 22ನೇ ಕಲಮಿನ ಪ್ರಕಾರ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ ಮತ್ತು ಸಾಲದ ವಿವರವನ್ನು ಲೋಕಾಯುಕ್ತರಿಗೆ ಸಲ್ಲಿಸಬೇಕು. ಪತಿ ಅಥವಾ ಪತ್ನಿಯದೂ ಸೇರಬೇಕು, ಅವಲಂಬಿತ ಮಕ್ಕಳು ಮತ್ತು ತಂದೆತಾಯಿಯದೂ ಸೇರಬೇಕು. ಕೊಡದಿದ್ದರೆ ಲೋಕಾಯುಕ್ತರು ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಕ್ರಮ ಕೈಗೊಳ್ಳುವ ಅಧಿಕಾರ ಇರುವವರಿಗೆ, ವರದಿ ಕಳಿಸಬೇಕು. ಆಮೇಲೂ ಎರಡು ತಿಂಗಳು ಸುಮ್ಮನಿದ್ದರೆ ಹೆಸರು ಮೂರು ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ನನ್ನ ಮಟ್ಟಿಗೆ ಇದು ತೀರಾ ಸೌಮ್ಯ ಶಿಕ್ಷೆ.

ಅಫಿಡವಿಟ್ಟಿನದು, ಅಂದರೆ ನಮೂನೆ 26ರದು, ಬೇರೆ ಲೆಕ್ಕ. ಜಮೀನಾದರೆ ಸರ್ವೆ ನಂಬರು, ವಿಸ್ತೀರ್ಣ, ಖರೀದಿಸಿದ ದಿನಾಂಕ, ಆಗ ಕೊಟ್ಟ ಬೆಲೆ, ಈಗಿನ ಮಾರುಕಟ್ಟೆ ಮೌಲ್ಯ ಇಷ್ಟನ್ನೂ ಬರೆಯಬೇಕು. ಚಿನ್ನಕ್ಕೆ ತೂಕವೂ ಬೇಕು. ಕಳೆದ ಐದು ವರ್ಷ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿದ ಆದಾಯವನ್ನೂ ಕೊಡಬೇಕು. ಎಡವುವುದು ಖಾಲಿ ಬಿಟ್ಟ ಕಾಲಂಗಳಲ್ಲಿ. ಏನೂ ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಬೇಕು. ಚುನಾವಣಾಧಿಕಾರಿ ನೆನಪಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಗೊತ್ತಿದ್ದೂ ಸುಳ್ಳು ಮಾಹಿತಿ ಕೊಟ್ಟರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಮಿನಡಿ ಆರು ತಿಂಗಳವರೆಗೆ ಜೈಲು, ದಂಡ, ಇಲ್ಲವೇ ಎರಡೂ.