ಗುಲಾಬಿ ಸೆರಗಿನ ಮೀನು: ಮೊದಲ 11 ದಿನ

ದಿನ 1
ಅಂತೂ ಬಂತು. ಮಾಲ್ಡೀವ್ಸ್‌ನ ರೋಸ್ ವೇಲ್ಡ್ ಫೇರಿ ರಾಸ್. ರಾಸ್ ಅಂದರೆ ಒಂದು ಜಾತಿಯ ಸಮುದ್ರ ಮೀನು. ಬೆರಳುದ್ದ ಇದೆ. ಟ್ಯಾಂಕಿನ ನೀರನ್ನು ಹನಿ ಹನಿಯಾಗಿ ಸೇರಿಸಿ ಹೊಂದಿಸಿದೆ, ಬಿಟ್ಟ ಕೂಡಲೇ ಕಲ್ಲಿನ ಸಂದಿ ಸೇರಿತು. 40ರಿಂದ 70 ಮೀಟರ್ ಆಳದ ಮೀನಿದು. ಅವಸರದಲ್ಲಿ ಮೇಲೆ ಎಳೆದರೆ ಈಜುಚೀಲದ ಗಾಳಿ ಹಿಗ್ಗಿ ಬ್ಯಾಲೆನ್ಸ್ ತಪ್ಪುತ್ತದೆ. ಹಾಗಾಗಿ ಟಾರ್ಚ್ ಹಿಡಿದು ನೋಡಿದ್ದೇ ನೋಡಿದ್ದು. ಸದ್ಯ, ನೆಟ್ಟಗಿದೆ.

ದಿನ 2
ತಿಂದಿಲ್ಲ.

ದಿನ 3
ಇವತ್ತೂ ಇಲ್ಲ. ಮೈಸಿಸ್ (ಸಿಗಡಿಯಂಥ ಪುಟ್ಟ ಜೀವಿ, ಮೀನಿನ ಆಹಾರ) ಹಾಕಿದರೆ ಕ್ಲೌನ್ ಮೀನುಗಳೇ ಮುಕ್ಕಿದವು. ರಾತ್ರಿ ಹೊಳೆಯಿತು, ತಪ್ಪು ಲೈಟಿನದು. ಹವಳಕ್ಕೆಂದು ಬಿಳಿ ಬೆಳಕು ಜೋರಾಗಿ ಇಟ್ಟಿದ್ದೆ. ಅಷ್ಟು ಆಳಕ್ಕೆ ಕೆಂಪು ಬೆಳಕು ಇಳಿಯುವುದೇ ಇಲ್ಲ, ಮಂದ ನೀಲಿಯೇ ಎಲ್ಲ. ಪಾಪ, ಕತ್ತಲ ಕೋಣೆಯಿಂದ ಮದುವೆ ಮಂಟಪಕ್ಕೆ ತಂದು ನಿಲ್ಲಿಸಿದ ಹಾಗಾಗಿತ್ತು. ಬಿಳಿ ಪೂರ್ತಿ ಆರಿಸಿ, ನೀಲಿ ಸ್ವಲ್ಪ ಉಳಿಸಿದೆ. ಹವಳ ಒಂದು ವಾರ ಮುನಿಸಿಕೊಂಡರೂ ಪರವಾಗಿಲ್ಲ.

ದಿನ 5
ಹೊರಗೆ ಬಂತು! ಮನೆಯಲ್ಲೇ ಮರಿ ಮಾಡಿಸಿದ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಸಣ್ಣ ಸಿಗಡಿಯಂಥ ಜೀವಿಗಳನ್ನು ಬಿಟ್ಟೆ. ತೇಲುವ ಒಂದೊಂದನ್ನೂ ಗುರಿಯಿಟ್ಟು ಹೆಕ್ಕಿತು. ನಾನು ಅಲ್ಲಾಡದೆ ಕುಳಿತಿದ್ದೆ, ಕಾಫಿ ಆರಿತು.

ದಿನ 6
ಇದಕ್ಕೆ ಹೆಸರು ಸಿಕ್ಕಿದ್ದು 2022ರಲ್ಲಿ, ಸಿರ್ರಿಲಾಬ್ರಸ್ ಫಿನಿಫೆನ್ಮಾ ಅಂತ. ಮಾಲ್ಡೀವ್ಸ್‌ನ ಧಿವೇಹಿ ಭಾಷೆಯಲ್ಲಿ ಫಿನಿಫೆನ್ಮಾ ಅಂದರೆ ಗುಲಾಬಿ, ಅದೇ ಅವರ ರಾಷ್ಟ್ರೀಯ ಹೂವು. ಹೆಸರಿಟ್ಟವರಲ್ಲಿ ಅಲ್ಲಿನವರೇ ಆದ ಅಹ್ಮದ್ ನಜೀಬ್ ಇದ್ದರು. ಅದಕ್ಕೂ ಮುಂಚೆ ಇದನ್ನು ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳ ಇನ್ನೊಂದು ರಾಸ್ ಅಂದುಕೊಂಡಿದ್ದರು. ಹೆಸರಿಲ್ಲದಾಗಲೇ ಅಕ್ವೇರಿಯಂ ವ್ಯಾಪಾರದಲ್ಲಿ ಓಡಾಡುತ್ತಿತ್ತು! ಕೊಂಡ ನನಗೂ ಇದು ಸ್ವಲ್ಪ ಚುಚ್ಚುತ್ತದೆ.

ದಿನ 8
ಮಧ್ಯಾಹ್ನ ಕರೆಂಟ್ ಹೋಯಿತು. ಇನ್ವರ್ಟರ್ ಪಂಪನ್ನು ಎಳೆಯುತ್ತದೆ, ನೀರು ತಂಪಾಗಿಸುವ ಚಿಲ್ಲರ್ ಅದಕ್ಕೆ ಜಾಸ್ತಿಯಾಯಿತು. ನೀರು 24ರಿಂದ 27 ಡಿಗ್ರಿಗೆ ಏರಿತು. ಐಸ್ ತುಂಬಿದ ಬಾಟಲಿಗಳನ್ನು ಸಂಪಿನಲ್ಲಿ (ಅಕ್ವೇರಿಯಂನ ಕೆಳಗಿನ ನೀರಿನ ತೊಟ್ಟಿಯಲ್ಲಿ) ಇಳಿಸುತ್ತಿದ್ದಾಗ ಮೇಲಿನಿಂದ ಟಪ್ ಅಂತ ಸದ್ದು. ಮೀನು ಹಾರಿ, ಟ್ಯಾಂಕಿನ ಮೇಲಿನ ಜಾಲರಿಗೆ ತಲೆ ಬಡಿದಿತ್ತು. ರಾಸ್‌ಗಳು ಹಾರುವುದು ಗೊತ್ತಿದ್ದೇ ಜಾಲರಿ ಕಟ್ಟಿದ್ದು. ಹಿಂದಿನ ಮೂಲೆಯಲ್ಲಿ ಪೈಪಿಗೆಂದು ಬಿಟ್ಟ ಎರಡು ಬೆರಳಗಲದ ಕಿಂಡಿ ಮಾತ್ರ ಹಾಗೇ ಇತ್ತು. ಅವತ್ತೇ ಮುಚ್ಚಿದೆ.

ದಿನ 11
ಈಗ ಮೈಸಿಸ್‌ಗೂ ಬರುತ್ತದೆ. ರಾತ್ರಿ ಕೆಂಪು ಟಾರ್ಚಿನಲ್ಲಿ ಇಣುಕಿದೆ. ಕಲ್ಲಿನ ಸಂದಿಯಲ್ಲಿ ತಾನೇ ನೆಯ್ದ ಲೋಳೆಯ ಗೂಡಿನೊಳಗೆ ಮಲಗಿತ್ತು, ಸೊಳ್ಳೆಪರದೆ ಕಟ್ಟಿಕೊಂಡ ಹಾಗೆ. ಬಿಳಿ ಬೆಳಕನ್ನು ನಾಳೆಯಿಂದ ಚೂರು ಚೂರೇ ಏರಿಸಬೇಕು.