ನೇತಾಜಿಯನ್ನು ಇಳಿಸಿದ ಸಬ್‌ಮರೀನ್ ಆಮೇಲೆ ಏನಾಯ್ತು?

ಎರಡನೇ ಮಹಾಯುದ್ಧದ ಹಡಗುಗಳ ಬಗ್ಗೆ ಓದುವ ಹುಚ್ಚು ನನಗೆ. ಇದು ಗೊತ್ತಾದವರೆಲ್ಲ ಕೇಳುವುದು ಒಂದೇ. ಸುಭಾಷ್‌ಚಂದ್ರ ಬೋಸ್ ಜರ್ಮನಿಯಿಂದ ಸಬ್‌ಮರೀನ್ ಹತ್ತಿ ಹೊರಟರಲ್ಲ, ಅದು ಆಮೇಲೆ ಏನಾಯ್ತು?

ಮುಳುಗಿತು. ಸಬ್‌ಮರೀನ್ ಮುಳುಗೋದು ಸಹಜ ಅಲ್ವಾ ಎನ್ನಬೇಡಿ. ಇದು ಮತ್ತೆ ಮೇಲೆ ಬರಲಿಲ್ಲ.

ಅದರ ಹೆಸರು ಯು-180. ಬ್ರೆಮೆನ್‌ನಲ್ಲಿ ಕಟ್ಟಿದ್ದು, 1942ರ ಮೇ ತಿಂಗಳಲ್ಲಿ ನೌಕಾಪಡೆಗೆ ಸೇರಿತು. ನನ್ನನ್ನು ಕೇಳಿದರೆ ಅದು ಎಡವಟ್ಟಿನ ಹಡಗು. ಜಾಸ್ತಿ ವೇಗ ಬೇಕೆಂದು, ಸಣ್ಣ ಟಾರ್ಪೆಡೊ ದೋಣಿಗಳಿಗೆ ಹಾಕುವ ಎಂಜಿನ್‌ಗಳನ್ನು ತಂದು ಆರು ಕೂರಿಸಿದ್ದರು. ದಡದ ಹತ್ತಿರ ಭರ್ರನೆ ಹೋಗಿ ಬರುವ ಎಂಜಿನ್ ಅವು. ತಿಂಗಳುಗಟ್ಟಲೆ ಸಾಗರದಲ್ಲಿ ಓಡು ಎಂದರೆ ಹೇಗೆ? ಈ ಮಾದರಿಯಲ್ಲಿ ಕಟ್ಟಿದ್ದೇ ಎರಡು.

1943ರ ಫೆಬ್ರವರಿಯಲ್ಲಿ ಬೋಸ್ ಮತ್ತು ಅವರ ಸಹಾಯಕ, ಹೈದರಾಬಾದಿನ ಆಬಿದ್ ಹಸನ್ ಕೀಲ್ ಬಂದರಿನಲ್ಲಿ ಅದನ್ನು ಹತ್ತಿದರು. ಕಮಾಂಡರ್ ವೆರ್ನರ್ ಮುಸೆನ್‌ಬರ್ಗ್. ಅತಿಥಿಗಳು ಒಳಗಿದ್ದಾರೆಂದು ಬೇಟೆ ಬಿಡಲಿಲ್ಲ. ಏಪ್ರಿಲ್ 18ರಂದು ದಕ್ಷಿಣ ಆಫ್ರಿಕಾದ ಆಚೆ 'ಕಾರ್ಬಿಸ್' ಎಂಬ ಬ್ರಿಟಿಷ್ ಎಣ್ಣೆ ಹಡಗನ್ನು ಮುಳುಗಿಸಿತು. ಅದೇ ತಿಂಗಳ ಕೊನೆಗೆ, ಮಡಗಾಸ್ಕರ್‌ನ ಆಚೆ, ಜಪಾನಿನ ಸಬ್‌ಮರೀನ್ ಐ-29 ಎದುರಾಯಿತು. ಸಮುದ್ರ ಒರಟಾಗಿತ್ತು. ಇಬ್ಬರೂ ರಬ್ಬರ್ ದೋಣಿಯಲ್ಲಿ ಆ ಕಡೆ ದಾಟಿದರು. ಈ ಕಡೆಗೆ ಬಂದದ್ದು ಇಬ್ಬರು ಜಪಾನಿ ನೌಕಾ ಅಧಿಕಾರಿಗಳು ಮತ್ತು ಬರ್ಲಿನ್‌ನ ಜಪಾನಿ ರಾಯಭಾರ ಕಚೇರಿಗೆಂದು ಸುಮಾರು ಎರಡು ಟನ್ ಚಿನ್ನ! ನಮ್ಮವರು ಈ ಚಿನ್ನದ ಮಾತೇ ಎತ್ತುವುದಿಲ್ಲ.

ವಾಪಸ್ ಬರುವಾಗ 'ಬೋರಿಸ್' ಎಂಬ ಗ್ರೀಕ್ ಹಡಗನ್ನು ಹೊಡೆಯಿತು. ಜುಲೈನಲ್ಲಿ ಫ್ರಾನ್ಸಿನ ಬೋರ್ಡೋ ಸೇರಿತು. ಅದರ ಬೇಟೆಯ ಲೆಕ್ಕ ಇಷ್ಟೇ, ಎರಡು ಹಡಗು. ಆಮೇಲೆ ಆ ಎಂಜಿನ್‌ಗಳನ್ನು ಕಿತ್ತು ಮಾಮೂಲಿ ಡೀಸೆಲ್ ಎಂಜಿನ್ ಹಾಕಿದರು, ಟಾರ್ಪೆಡೊ ಕೊಳವೆಗಳನ್ನೂ ತೆಗೆದರು. ಯುದ್ಧದ ಹಡಗು ಸುಮ್ನೆ ಸಾಮಾನು ಸಾಗಿಸುವ ಗಾಡಿಯಾಯಿತು.

1944ರ ಆಗಸ್ಟ್‌ನಲ್ಲಿ ಸರಕು ತುಂಬಿಕೊಂಡು ಬೋರ್ಡೋದಿಂದ ಪೂರ್ವ ಏಷ್ಯಾದ ಕಡೆಗೆ ಹೊರಟಿತು. ದೂರ ಹೋಗಲಿಲ್ಲ. ಬಿಸ್ಕೇ ಕೊಲ್ಲಿಯಲ್ಲೇ ಕಣ್ಮರೆಯಾಯಿತು. ನೀರಿನಲ್ಲಿ ಹಾಕಿದ್ದ ಸ್ಫೋಟಕ ಮೈನ್‌ಗೆ ತಗುಲಿರಬೇಕು ಅನ್ನುತ್ತಾರೆ. ಒಳಗಿದ್ದ 56 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಹಾಗಾದರೆ ಐ-29? ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅದನ್ನು ಅದೇ ವರ್ಷ ಜುಲೈ 26ರಂದು ಫಿಲಿಪೀನ್ಸ್ ಹತ್ತಿರ ಅಮೆರಿಕದ ಸಬ್‌ಮರೀನ್ ಒಂದು ಹೊಡೆದು ಮುಳುಗಿಸಿತ್ತು.