ಡ್ರ್ಯಾಗನ್ ರೆಕ್ಕೆಗೆ ನೆರಳು ಕಟ್ಟುವ ಕೆಲಸ: ಮಡಿಕೇರಿ ಮಳೆಯ ನಡುವೆ

ನಾನು ಬಣ್ಣ ಹಚ್ಚುತ್ತಿರುವ ಡ್ರ್ಯಾಗನ್ ಮಾಡೆಲ್‌ನ ಎಡ ರೆಕ್ಕೆ ಮುಗಿಯಿತು. ಬಲ ರೆಕ್ಕೆಗೆ ಬೇಸ್ ಬಣ್ಣ ಬಿದ್ದಿದೆ. ಮೈ ಇನ್ನೂ ಬರೀ ಪ್ರೈಮರ್‌ನಲ್ಲೇ (ಬಣ್ಣ ಹಿಡಿಯಲು ಮೊದಲು ಹಚ್ಚುವ ಲೇಪ) ಇದೆ. ರೆಕ್ಕೆಗಳನ್ನು ಮೈಗೆ ಅಂಟಿಸಿಲ್ಲ, ಬಿಡಿಯಾಗಿದ್ದರೆ ಒಳಮೂಲೆಗೂ ಬ್ರಷ್ ಸಲೀಸಾಗಿ ಹೋಗುತ್ತದೆ.

ಈ ಡ್ರ್ಯಾಗನ್‌ನ ಒಂದೊಂದು ರೆಕ್ಕೆಯೂ ನನ್ನ ಅಂಗೈಗಿಂತ ದೊಡ್ಡದು. 28 ಮಿಲಿಮೀಟರ್ ಅಳತೆಯ ಸೈನಿಕ ಗೊಂಬೆಗಳಿಗೆ ಬಣ್ಣ ಹಚ್ಚುವ ರೀತಿ ಇಲ್ಲಿ ನಡೆಯುವುದಿಲ್ಲ. ಚಿಕ್ಕ ಗೊಂಬೆಗೆ ಕಡು ವಾಶ್ (ನೀರಿನಂಥ ತೆಳು ಬಣ್ಣ) ಹಚ್ಚಿದರೆ ಅದು ತಾನಾಗಿಯೇ ಸಂದಿಗಳಿಗೆ ಇಳಿದು ನೆರಳು ಕೊಡುತ್ತದೆ. ರೆಕ್ಕೆಯ ಚರ್ಮದಂಥ ಅಗಲ ಜಾಗದಲ್ಲಿ ಇಳಿಯಲು ಸಂದಿಯೇ ಇಲ್ಲ. ವಾಶ್ ಅಲ್ಲಲ್ಲೇ ಮಡುಗಟ್ಟಿ ಒಣಗಿ, ಸುತ್ತ ಕಲೆಯ ಗೆರೆ ಉಳಿಸುತ್ತದೆ. ಹಾಗಾಗಿ ದೊಡ್ಡ ಮಾಡೆಲ್‌ನಲ್ಲಿ ನೆರಳನ್ನು ನಾವೇ ಪದರ ಪದರವಾಗಿ ಕಟ್ಟಬೇಕು. ನನಗೆ ಈ ಹವ್ಯಾಸದಲ್ಲಿ ಅತಿ ಇಷ್ಟವಾದ ಕೆಲಸವೇ ಇದು.

ಮಾದರಿಗೆ ದೂರ ಹೋಗಬೇಕಾಗಿಲ್ಲ. ನಮ್ಮ ಕಡೆಯ ತೋಟಗಳಲ್ಲಿ ಹಾರುವ ಓತಿ ಇದೆಯಲ್ವಾ? ಅದರ ಪಕ್ಕೆಲುಬುಗಳೇ ಉದ್ದ ಬೆಳೆದು ರೆಕ್ಕೆಯ ತೆಳು ಚರ್ಮವನ್ನು ಹಿಡಿದಿರುತ್ತವೆ. ತೆಳು ಚರ್ಮದ ಹಿಂದಿನಿಂದ ಬಿಸಿಲು ಬಿದ್ದರೆ ಚರ್ಮ ಬೆಳಗುತ್ತದೆ, ಎಲುಬಿನ ಹತ್ತಿರ ಬಣ್ಣ ಗಾಢವಾಗುತ್ತದೆ. ನನ್ನ ಡ್ರ್ಯಾಗನ್‌ಗೂ ಅದೇ ಲೆಕ್ಕ: ಎಲುಬಿನ ಬುಡದಲ್ಲಿ ಕಡು ನೆರಳು, ಚರ್ಮದ ನಡುವೆ ಬೆಚ್ಚಗಿನ ಹಳದಿ.

ಹಳದಿ ಬಣ್ಣಕ್ಕೆ ಅಡಿಯ ಬಣ್ಣವನ್ನು ಮುಚ್ಚುವ ಶಕ್ತಿ ಕಡಿಮೆ. ಅದಕ್ಕೇ ಮೊದಲು ಓಕರ್ (ಮಣ್ಣಿನ ಹಳದಿ) ಹಚ್ಚಿ ಅದರ ಮೇಲೆ ಹಳದಿ ತಂದೆ. ನೆರಳಿಗೆ ಕಪ್ಪು ಮುಟ್ಟಲಿಲ್ಲ. ಹಳದಿಗೆ ಕಪ್ಪು ಸೇರಿಸಿದರೆ ಪಾಚಿ ಹಸಿರು ಬರುತ್ತದೆ. ಬಣ್ಣಚಕ್ರದಲ್ಲಿ ಹಳದಿಗೆ ಎದುರಿನ ಬಣ್ಣ ನೇರಳೆ, ನೆರಳಿಗೆ ಅದನ್ನೇ ಬಳಸಿದೆ. ಮೊದಲು ಕೆಂಗಂದು, ಆಮೇಲೆ ಬುಡಕ್ಕೆ ಮಾತ್ರ ನೇರಳೆ. ನೆರಳು ಗಾಢವಾಯಿತು, ಆದರೆ ಕೊಳೆಯಾಗಿ ಕಾಣುತ್ತಿಲ್ಲ.

ಲೇಯರ್‌ಗೆ, ಅಂದರೆ ಒಂದೊಂದು ಪದರಕ್ಕೆ, ಬಣ್ಣ ನೀರು ಮಜ್ಜಿಗೆಯಷ್ಟು ತೆಳ್ಳಗಿದ್ದರೆ ಸಾಕು. ಗ್ಲೇಜ್‌ಗೆ, ಅಂದರೆ ಬರೀ ಛಾಯೆ ಕೊಡುವ ಪದರಕ್ಕೆ, ಇನ್ನೂ ತೆಳು, ಅಡಿಯ ಬಣ್ಣ ಪೂರ್ತಿ ಕಾಣುವಷ್ಟು. ಬ್ರಷ್ಷನ್ನು ಟಿಶ್ಯೂ ಮೇಲೆ ಒರೆಸಿಕೊಂಡೇ ಮಾಡೆಲ್‌ಗೆ ತಾಗಿಸಬೇಕು. ಎಳೆಯುವ ದಿಕ್ಕು ಬಹಳ ಮುಖ್ಯ. ಬ್ರಷ್ ಎತ್ತುವ ಜಾಗದಲ್ಲೇ ಬಣ್ಣ ಜಾಸ್ತಿ ಕೂರುತ್ತದೆ. ಆದ್ದರಿಂದ ನೆರಳು ಹಚ್ಚುವಾಗ ಚರ್ಮದ ನಡುವಿನಿಂದ ಎಲುಬಿನ ಕಡೆಗೆ ಎಳೆಯುತ್ತೇನೆ. ಹೈಲೈಟ್‌ಗೆ (ಬೆಳಕು ಬಿದ್ದಂತೆ ಕಾಣಬೇಕಾದ ಜಾಗಕ್ಕೆ) ಇದರ ಉಲ್ಟಾ. ಹೈಲೈಟ್‌ಗೆ ಅಚ್ಚ ಬಿಳಿ ಬೆರೆಸಿದರೆ ಸುಣ್ಣ ಬಳಿದಂತೆ ಪುಡಿಪುಡಿ ಕಾಣುತ್ತದೆ, ದಂತದ ಬಣ್ಣ ಬೆರೆಸುವುದು ಒಳ್ಳೆಯದು.

ಇನ್ನು ಮಳೆ. ಜುಲೈ ತಿಂಗಳ ಮಡಿಕೇರಿಯಲ್ಲಿ ಗಾಳಿಯೇ ಒದ್ದೆ. ಒಂದು ಪದರ ಪೂರ್ತಿ ಒಣಗದೆ ಮೇಲೆ ಇನ್ನೊಂದು ಹಚ್ಚಿದರೆ ಬ್ರಷ್ ಅಡಿಯದನ್ನು ಕಿತ್ತುಕೊಂಡು ಬರುತ್ತದೆ. ಹೇರ್ ಡ್ರೈಯರ್‌ನ ತಣ್ಣನೆ ಗಾಳಿ ಹಿಡಿದು ಮುಂದುವರಿಯುತ್ತೇನೆ. ವೆಟ್ ಪ್ಯಾಲೆಟ್‌ನ (ಬಣ್ಣ ಒಣಗದಂತೆ ಅಡಿಯಲ್ಲಿ ಒದ್ದೆ ಸ್ಪಂಜು ಇರುವ ತಟ್ಟೆ) ಸ್ಪಂಜಿಗೆ ಬೇಸಿಗೆಯಷ್ಟು ನೀರು ಹಾಕಬಾರದು, ಬಣ್ಣ ತಾನಾಗಿಯೇ ನೀರಾಗುತ್ತಾ ಹೋಗುತ್ತದೆ. ಆದರೆ ಇದೇ ತೇವದಿಂದ ಒಂದು ಲಾಭವೂ ಇದೆ. ಎರಡು ಹಸಿ ಬಣ್ಣಗಳನ್ನು ಮಾಡೆಲ್ ಮೇಲೆಯೇ ಬೆರೆಸಲು ಸಮಯ ಸಿಗುತ್ತದೆ. ರೆಕ್ಕೆಯ ತುದಿಯ ಹಳದಿ-ಕಿತ್ತಳೆ ಬೆರಕೆಯನ್ನು ಹಾಗೇ ಮಾಡಿದೆ, ಬಹಳ ನಯವಾಗಿ ಬಂದಿದೆ. ಸ್ಪ್ರೇ ವಾರ್ನಿಷ್ ಮಾತ್ರ ಈಗ ಬೇಡ. ತೇವದ ಗಾಳಿಯಲ್ಲಿ ಅದು ಬೆಳ್ಳಗೆ ಮಂಜು ಹಿಡಿದಂತಾಗುತ್ತದೆ. ಬ್ರಷ್‌ನಲ್ಲಿ ಹಚ್ಚುವ ಮ್ಯಾಟ್ ವಾರ್ನಿಷ್ ಸಾಕು.

ಮುಂದೆ ಬಲ ರೆಕ್ಕೆ. ಎಡದ್ದನ್ನು ಕನ್ನಡಿಯಲ್ಲಿ ನೋಡಿದಂತೆ ಸುಮ್ನೆ ನಕಲು ಮಾಡುವುದಿಲ್ಲ. ಬೆಳಕು ಎಡಗಡೆ ಮೇಲಿನಿಂದ ಬೀಳುತ್ತದೆ ಎಂದು ಇಟ್ಟುಕೊಂಡಿದ್ದೇನೆ. ಹಾಗಾದರೆ ಡ್ರ್ಯಾಗನ್‌ನ ಕತ್ತಿನ ನೆರಳು ಬಲ ರೆಕ್ಕೆಯ ಬುಡದ ಮೇಲೆ ಬೀಳಬೇಕು. ಅಲ್ಲಿ ನೇರಳೆಯನ್ನು ಚರ್ಮದ ಅರ್ಧದವರೆಗೂ ತರುತ್ತೇನೆ.